ಹಳೆಯ ಪದರ ಯಾಕೆ ಎದ್ದಿತು ಎಂದು ಮೊದಲು ಕೇಳೋಣ

ಪಾರ್ಕಿಂಗ್ ಡೆಕ್‌ನ, ಅಂದರೆ ಮಹಡಿಯ ಮೇಲೆ ಕಾರು ನಿಲ್ಲಿಸುವ ಕಾಂಕ್ರೀಟ್ ನೆಲದ, ಕೋಟಿಂಗ್ ಹಾಳಾಗಿದೆ, ಬಂದು ನೋಡಿ ಎಂದು ಕರೆದವರು ನನ್ನನ್ನು ಸೀದಾ ಮೇಲಕ್ಕೆ ಕರೆದುಕೊಂಡು ಹೋಗುತ್ತಾರೆ. ಕಿತ್ತು ಬಂದ ಪದರ ತೋರಿಸುತ್ತಾರೆ. ಎಷ್ಟು ದಿನದ ಕೆಲಸ, ಎಷ್ಟು ಖರ್ಚು ಎಂದು ಕೇಳುತ್ತಾರೆ. ನಾನು ಮೊದಲು ಕೆಳಗಿನ ಮಹಡಿಗೆ ಹೋಗೋಣ ಅನ್ನುತ್ತೇನೆ. ಒಂದು ಟಾರ್ಚ್, ಒಂದು ಸೀಮೆಸುಣ್ಣ ಇದ್ದರೆ ಸಾಕು. ತಲೆ ಎತ್ತಿ ಸ್ಲ್ಯಾಬಿನ ತಳ ನೋಡುತ್ತಾ ನಿಧಾನವಾಗಿ ನಡೆಯಬೇಕು. ಮೇಲಿನ ಡೆಕ್ ಎಷ್ಟು ಹಾಳಾಗಿದೆ ಎಂಬುದು ಕೆಳಗಿನಿಂದಲೇ ಚೆನ್ನಾಗಿ ಕಾಣುತ್ತದೆ.

ಅಲ್ಲಿ ಎರಡು ಬಣ್ಣ ಹುಡುಕಿ. ಒಂದು ಬಿಳಿ. ಬಿರುಕಿನ ಉದ್ದಕ್ಕೂ ಬಿಳಿ ಗೆರೆ ಇರುತ್ತದೆ, ಕೆಲವು ಕಡೆ ಸುಣ್ಣದ ಸಣ್ಣ ಕಡ್ಡಿಗಳು ಜೋತುಬಿದ್ದಿರುತ್ತವೆ. ನೀರು ಕಾಂಕ್ರೀಟಿನ ಒಳಗೆ ಹರಿದು ಅದರ ಸುಣ್ಣವನ್ನು ತೊಳೆದು ತಂದಿದೆ ಎಂದು ಅರ್ಥ. ಇನ್ನೊಂದು ಕಂದು. ಕಂದು ಕಲೆ ಕಂಡರೆ ನೀರು ಕಂಬಿಯನ್ನು ಮುಟ್ಟಿದೆ, ತುಕ್ಕು ಶುರುವಾಗಿದೆ ಎಂದು ತಿಳಿಯಿರಿ. ಬಿಳಿ ಕಂಡರೆ ಯೋಚನೆ ಮಾಡಬೇಕು. ಕಂದು ಕಂಡರೆ ಕಾಯಬಾರದು. ಎಲ್ಲೆಲ್ಲಿಂದ ಹನಿ ಬೀಳುತ್ತದೋ ಅಲ್ಲೆಲ್ಲ ಸ್ಲ್ಯಾಬಿನ ತಳದಲ್ಲಿ ಸೀಮೆಸುಣ್ಣದಿಂದ ಒಂದು ವೃತ್ತ ಎಳೆದು ದಿನಾಂಕ ಬರೆಯಿರಿ. ಒಂದು ನಕ್ಷೆಯ ಮೇಲೂ ಗುರುತು ಮಾಡಿಕೊಳ್ಳಿ. ಈ ವೃತ್ತಗಳು ಕೊನೆಯಲ್ಲಿ ಮತ್ತೆ ಬೇಕಾಗುತ್ತವೆ.

ಒಂದು ಎಚ್ಚರಿಕೆ. ನೀರು ಬಿದ್ದ ಜಾಗದ ನೇರ ಮೇಲೆಯೇ ತೂತು ಇರುತ್ತದೆ ಅಂದುಕೊಳ್ಳಬೇಡಿ. ಕೋಟಿಂಗ್ ಅಡಿ ನುಗ್ಗಿದ ನೀರು ಕೋಟಿಂಗ್ ಮತ್ತು ಕಾಂಕ್ರೀಟಿನ ನಡುವೆ ಎಷ್ಟೋ ದೂರ ಹರಿದು, ಸಿಕ್ಕಿದ ಮೊದಲ ಬಿರುಕಿನಲ್ಲಿ ಇಳಿಯುತ್ತದೆ. ಹನಿ ಬೀಳುವ ಕಡೆ ಮೇಲೆ ಹೋಗಿ ಸುಮ್ನೆ ಒಂದು ತೇಪೆ ಹಾಕಿ ಬರುವವರು ಇದ್ದಾರೆ. ತೇಪೆ ಗಟ್ಟಿಯಾಗಿಯೇ ನಿಂತಿರುತ್ತದೆ, ಹನಿಯೂ ಬೀಳುತ್ತಲೇ ಇರುತ್ತದೆ. ಈ ಹನಿ ಕ್ಷಾರದ್ದು, ಕಾರಿನ ಬಣ್ಣ ಕೆಡಿಸುತ್ತದೆ. ಹಾಗಾಗಿ ಮೊದಲ ದೂರು ಬರುವುದು ಸಾಮಾನ್ಯವಾಗಿ ಕಾರಿನ ಬಗ್ಗೆ. ದೂರು ಕೊಟ್ಟವರಿಗೆ ಥ್ಯಾಂಕ್ಸ್ ಹೇಳಿ. ಅವರು ಕಾರಿನ ಚಿಂತೆಯಲ್ಲಿ ಹೇಳಿದ್ದು ಕಟ್ಟಡದ ಸುದ್ದಿ.

ಕಾಂಕ್ರೀಟಿನ ಒಳಗೆ ಏನು ನಡೆಯುತ್ತದೆ ಎಂದು ಸ್ವಲ್ಪ ಹೇಳಬೇಕು. ಹೊಸ ಕಾಂಕ್ರೀಟ್ ತುಂಬ ಕ್ಷಾರೀಯ, ಅದರ ಪಿಎಚ್ 12.5ರಿಂದ 13ರ ಸುತ್ತ ಇರುತ್ತದೆ. ಆ ಕ್ಷಾರದಲ್ಲಿ ಕಂಬಿಯ ಮೇಲೆ ತೆಳುವಾದ ಒಂದು ರಕ್ಷಣೆಯ ಪೊರೆ ಬೆಳೆಯುತ್ತದೆ, ತುಕ್ಕು ಹಿಡಿಯುವುದಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಒಳಗೆ ಇಳಿದು ಈ ಕ್ಷಾರವನ್ನು ತಿನ್ನುತ್ತಾ ಬರುತ್ತದೆ. ಪಿಎಚ್ 9ರ ಹತ್ತಿರ ಇಳಿದರೆ ಪೊರೆ ಹೋಯಿತು. ಹಿಮ ಬೀಳುವ ನಾಡುಗಳಲ್ಲಿ ರಸ್ತೆಗೆ ಹಾಕಿದ ಉಪ್ಪು ಟೈರಿಗೆ ಅಂಟಿಕೊಂಡು ಡೆಕ್‌ಗೆ ಬರುತ್ತದೆ, ಸಮುದ್ರದ ಪಕ್ಕದಲ್ಲಿ ಗಾಳಿಯಲ್ಲೇ ಬರುತ್ತದೆ. ಉಪ್ಪಿನ ಕ್ಲೋರೈಡ್ ಪಿಎಚ್ ಇಳಿಯುವ ತನಕ ಕಾಯುವುದೂ ಇಲ್ಲ, ಸೀದಾ ಪೊರೆಯನ್ನು ತೂತು ಮಾಡುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಹಿಡಿಯುತ್ತದೆ. ಒಳಗಿನಿಂದ ಅಷ್ಟು ಒತ್ತಿದರೆ ಕಾಂಕ್ರೀಟ್ ಒಡೆಯದೆ ಇನ್ನೇನು ಮಾಡೀತು? ಇದಕ್ಕೆಲ್ಲ ನೀರು ಬೇಕು. ಮೇಲೆ ಹಾಕುವ ಎರಡು ಮಿಲಿಮೀಟರ್ ಪದರದ ಕೆಲಸ ಆ ನೀರನ್ನು ತಡೆಯುವುದು.

ಕೆನಡಾದ ಒಂಟಾರಿಯೊದಲ್ಲಿ ಎಲಿಯಟ್ ಲೇಕ್ ಎಂಬ ಊರಿದೆ. ಅಲ್ಲಿ ಆಲ್ಗೊ ಸೆಂಟರ್ ಎಂಬ ಮಾಲ್ 1980ರಲ್ಲಿ ತೆರೆಯಿತು. ಪಾರ್ಕಿಂಗ್ ಅದರ ಛಾವಣಿಯ ಮೇಲಿತ್ತು. ಶುರುವಿನಿಂದಲೇ ಸೋರುತ್ತಿತ್ತು. ಅಂಗಡಿಗಳಲ್ಲಿ ಬಕೆಟ್ ಇಟ್ಟರು, ಟಾರ್ಪಾಲು ಕಟ್ಟಿದರು, ಮೇಲೆ ತೇಪೆ ಹಾಕಿದರು. ಮಾಲೀಕರು ಬದಲಾದರು, ಸೋರುವುದು ನಿಲ್ಲಲಿಲ್ಲ. ನೀರು, ಉಪ್ಪು ಸೇರಿ ಉಕ್ಕಿನ ತೊಲೆ ಕಂಬಕ್ಕೆ ಕೂಡುವ ಜಾಗದ ವೆಲ್ಡಿಂಗ್ ಅನ್ನು ತಿಂದುಹಾಕಿದವು. 2012ರ ಜೂನ್ 23ರಂದು ಪಾರ್ಕಿಂಗ್‌ನ ಒಂದು ಭಾಗ ಕುಸಿದು ಇಬ್ಬರು ತೀರಿಕೊಂಡರು. ನಂತರ ನಡೆದ ವಿಚಾರಣೆಯ ವರದಿ 2014ರಲ್ಲಿ ಬಂತು. ಮೂವತ್ತೆರಡು ವರ್ಷ ಸೋರಿದ ಕಟ್ಟಡ ಅದು. ಸೋರಿಕೆಯನ್ನು ಕಿರಿಕಿರಿ ಎಂದು ನೋಡುತ್ತಾ ಬಂದರೆ ಅದು ಎಲ್ಲಿಗೆ ಮುಟ್ಟುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ.

ಈಗ ಮೇಲೆ ಹೋಗೋಣ.

ಎದ್ದಿರುವ ಕೋಟಿಂಗ್‌ನ ಒಂದು ತುಂಡು ಕಿತ್ತು, ಮಗುಚಿ ನೋಡಿ. ಇದು ನಾನು ಯಾವತ್ತೂ ಬಿಡದ ಅಭ್ಯಾಸ. ಎಲ್ಲರೂ ಮೇಲ್ಮುಖ ನೋಡುತ್ತಾರೆ, ಕಥೆ ಇರುವುದು ತಳದಲ್ಲಿ. ತಳಕ್ಕೆ ಬೂದು ಬಣ್ಣದ ತೆಳು ಪುಡಿ ಅಂಟಿದೆಯಾ? ಹಾಗಾದರೆ ಕಾಂಕ್ರೀಟ್ ಹಾಕಿದಾಗ ಮೇಲೆ ತೇಲಿ ಬಂದ ಸಿಮೆಂಟ್ ತಿಳಿಯ ಪದರವನ್ನು ಉಜ್ಜಿ ತೆಗೆಯದೆ ಅದರ ಮೇಲೆಯೇ ಕೋಟಿಂಗ್ ಹಾಕಿದ್ದಾರೆ. ಕೋಟಿಂಗ್ ಹಿಡಿದದ್ದು ಆ ಪುಡಿಯನ್ನು, ಕಾಂಕ್ರೀಟನ್ನು ಅಲ್ಲವೇ ಅಲ್ಲ. ತಳ ಗಾಜಿನ ಹಾಗೆ ನುಣ್ಣಗೆ, ಏನೂ ಅಂಟದೆ ಇದೆಯಾ? ಎಣ್ಣೆ ಇತ್ತು, ಹೊಸ ಕಾಂಕ್ರೀಟ್ ಬೇಗ ಒಣಗದಿರಲೆಂದು ಹಚ್ಚುವ ಕ್ಯೂರಿಂಗ್ ದ್ರಾವಣದ ಮೇಣ ಉಳಿದಿತ್ತು, ಇಲ್ಲವೇ ಕಾಂಕ್ರೀಟ್ ಹಸಿಯಾಗಿತ್ತು. ಜಲ್ಲಿ ಸಮೇತ ಕಾಂಕ್ರೀಟಿನ ಚೂರೇ ಕಿತ್ತು ಬಂದಿದೆಯಾ? ಆಗ ಕೋಟಿಂಗ್ ಚೆನ್ನಾಗಿಯೇ ಅಂಟಿತ್ತು, ಕಾಂಕ್ರೀಟಿಗೇ ಬಲ ಇಲ್ಲ. ಇಂಥ ಕಡೆ ಎಷ್ಟು ಒಳ್ಳೆಯ ಹೊಸ ಕೋಟಿಂಗ್ ತಂದರೂ ಉಳಿಯುವುದಿಲ್ಲ. ಕೆಲವು ಸಲ ಮೇಲಿನ ಪದರ ಮಾತ್ರ ಬಂದು ಕೆಳಗಿನ ಪದರ ಗಟ್ಟಿಯಾಗಿ ಕೂತಿರುತ್ತದೆ. ಎರಡು ಕೋಟಿನ ನಡುವೆ ಜಾಸ್ತಿ ದಿನ ಬಿಟ್ಟಿದ್ದಾರೆ, ಅಥವಾ ನಡುವೆ ಧೂಳು ಕೂತಿತ್ತು, ಇಬ್ಬನಿ ಬಿದ್ದಿತ್ತು.

ಗುಳ್ಳೆಗಳದ್ದು ಬೇರೆ ವಿಷಯ. ಗುಳ್ಳೆ ಚುಚ್ಚಿ ನೋಡಿ. ನೀರು ಬಂದರೆ ಕಾಂಕ್ರೀಟಿನ ತೇವ ಮೇಲಕ್ಕೆ ಒತ್ತಿದೆ. ಬರೀ ಗಾಳಿ, ಪಕ್ಕದಲ್ಲಿ ಸೂಜಿಮೊನೆಯಂಥ ತೂತುಗಳು ಇದ್ದರೆ ಹೊತ್ತು ಏರುವಾಗ ಕೋಟಿಂಗ್ ಹಾಕಿದ್ದಾರೆ. ಇದರ ಬಗ್ಗೆ ಮುಂದೆ ಹೇಳುತ್ತೇನೆ. ರ‍್ಯಾಂಪ್‌ನಲ್ಲಿ, ತಿರುವಿನಲ್ಲಿ, ಟಿಕೆಟ್ ತೆಗೆದುಕೊಳ್ಳುವ ಗೇಟಿನ ಮುಂದೆ ಮಾತ್ರ ಸವೆದಿದ್ದರೆ ಅದು ಟೈರಿನ ಕೆಲಸ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಟೈರು ಪದರವನ್ನು ತಿರುಚುತ್ತದೆ. ಅಂಥ ಜಾಗಕ್ಕೂ ಕಾರು ನಿಲ್ಲಿಸುವ ಚೌಕಕ್ಕೂ ಒಂದೇ ದಪ್ಪ ಕೊಟ್ಟಿದ್ದು ತಪ್ಪು. ಬಿಸಿಲು ಬೀಳುವ ಮೇಲಿನ ಡೆಕ್‌ನಲ್ಲಿ ಕೈಗೆ ಪುಡಿ ಹತ್ತುತ್ತಿದ್ದರೆ, ಬಣ್ಣ ಹಳದಿಗೆ ತಿರುಗಿದ್ದರೆ, ಬಿಸಿಲು ತಡೆಯದ ಪದರ ಮೇಲೆ ಬಿಟ್ಟಿದ್ದಾರೆ. ನೇರ ಗೆರೆಯಲ್ಲಿ ಸೀಳಿದ್ದರೆ ಕೆಳಗೆ ಅಲುಗಾಡುವ ಬಿರುಕು ಇದೆ.

ಒಂದು ಡೆಕ್ ನೆನಪಾಗುತ್ತದೆ. ಕೋಟಿಂಗ್ ಎದ್ದಿತ್ತು, ಎಲ್ಲ ಕಿತ್ತು ದುಬಾರಿ ಮಾಲು ತಂದು ಹೊಸದಾಗಿ ಹಾಕಿಸಿದ್ದರು. ವರ್ಷ ತುಂಬುವುದರೊಳಗೆ ಮತ್ತೆ ಗುಳ್ಳೆ, ಅದೂ ಹಳೆಯ ಗುಳ್ಳೆಗಳಿದ್ದ ಅದೇ ಸಾಲಿನಲ್ಲಿ. ಆಗ ನನ್ನನ್ನು ಕರೆದರು. ಆ ಸಾಲಿನ ಪಕ್ಕದಲ್ಲಿ ಒಂದು ಗಿಡದ ತೊಟ್ಟಿ ಇತ್ತು, ಕಾಂಕ್ರೀಟಿನದ್ದು, ಡೆಕ್‌ಗೆ ಸೇರಿಸಿ ಕಟ್ಟಿದ್ದು. ತೊಟ್ಟಿಯ ಒಳಗೆ ವಾಟರ್‌ಪ್ರೂಫಿಂಗ್ ಮಾಡಿರಲಿಲ್ಲ. ದಿನಾ ಹಾಕಿದ ನೀರು ಪಕ್ಕಕ್ಕೆ ಇಳಿದು ಸ್ಲ್ಯಾಬನ್ನು ಒಳಗಿನಿಂದ ಹಸಿ ಇಟ್ಟಿತ್ತು. ಎರಡು ಸಲ ಹಣ ಹೋಯಿತು. ಕೋಟಿಂಗ್ ಹಾಕಿದವರು ಒಮ್ಮೆಯೂ ಯಾಕೆ ಎಂದು ಕೇಳಿರಲಿಲ್ಲ. ಹಳೆಯದು ಸತ್ತ ಕಾರಣ ಅಲ್ಲೇ ಇದ್ದರೆ ಹೊಸದೂ ಅದೇ ಕಾರಣಕ್ಕೆ ಸಾಯುತ್ತದೆ. ಈ ಒಂದು ಮಾತಿಗಾಗಿಯೇ ನಾನು ಇವತ್ತು ಬಂದದ್ದು.

ಕಾರಣಗಳಲ್ಲಿ ನನ್ನನ್ನು ಜಾಸ್ತಿ ಕಾಡುವುದು ನಿಂತ ನೀರು. ನೀರು ಹರಿಯಲು ನೆಲಕ್ಕೆ ಕೊಡುವ ಇಳಿಜಾರನ್ನು ಗಾರೆ ಕೆಲಸದವರು ವಾಟ ಅನ್ನುತ್ತಾರಲ್ಲ, ಅದು ಸರಿ ಇಲ್ಲದ ಕಡೆ ನೀರು ನಿಲ್ಲುತ್ತದೆ. ಡೆಕ್‌ಗೆ ಮೀಟರಿಗೆ 15ರಿಂದ 20 ಮಿ.ಮೀ. ವಾಟ ಇದ್ದರೆ ನೀರು ತಾನೇ ಹರಿದು ಡ್ರೇನ್ ಸೇರುತ್ತದೆ. ಅಮೆರಿಕದ ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ 2021ರ ಜೂನ್ 24ರಂದು ಕುಸಿದು 98 ಜನರನ್ನು ಬಲಿ ತೆಗೆದುಕೊಂಡ ಕಟ್ಟಡ ನಿಮಗೆ ನೆನಪಿರಬಹುದು. 2018ರಲ್ಲೇ ಆ ಕಟ್ಟಡ ನೋಡಿದ ಎಂಜಿನಿಯರ್ ಒಂದು ವರದಿ ಕೊಟ್ಟಿದ್ದರು. ಈಜುಕೊಳದ ಡೆಕ್, ಗಾಡಿಗಳು ಒಳಬರುವ ದಾರಿ, ಇವುಗಳ ಅಡಿಯ ವಾಟರ್‌ಪ್ರೂಫಿಂಗ್ ಕೆಟ್ಟಿದೆ, ಅದನ್ನು ವಾಟ ಇಲ್ಲದ ಸಪಾಟು ಸ್ಲ್ಯಾಬಿನ ಮೇಲೆ ಹಾಸಿದ್ದಾರೆ, ಹಾಗಾಗಿ ನೀರು ಆವಿಯಾಗುವ ತನಕ ಅಲ್ಲೇ ನಿಲ್ಲುತ್ತದೆ ಎಂದು ಅದರಲ್ಲಿತ್ತು. ಕಟ್ಟಡ ಯಾಕೆ ಬಿತ್ತು ಎನ್ನುವುದು ಬೇರೆಯೇ ದೊಡ್ಡ ವಿಷಯ. ನಾನು ಹೇಳುತ್ತಿರುವುದು ವಾಟದ ಬಗ್ಗೆ ಆ ವರದಿಯಲ್ಲಿದ್ದ ಮಾತನ್ನು ಮಾತ್ರ. ಮಳೆ ನಿಂತ ಮೇಲೆ ಡೆಕ್‌ಗೆ ಹೋಗಿ ನೀರು ನಿಂತ ಕಡೆ ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆಯಿರಿ. ಮರುದಿನವೂ ನಿಂತಿದ್ದರೆ ಅಲ್ಲಿ ವಾಟ ಸರಿ ಮಾಡದೆ ಕೋಟಿಂಗ್ ಹಾಕಬೇಡಿ. ಆದರೆ ವಾಟ ಕೊಡುವ ನೆಪದಲ್ಲಿ ಇಡೀ ಡೆಕ್ ಮೇಲೆ ಕಾಂಕ್ರೀಟ್ ಸುರಿಯಲೂ ಬೇಡಿ. 50 ಮಿ.ಮೀ. ದಪ್ಪ ಕಾಂಕ್ರೀಟ್ ಅಂದರೆ ಚದರ ಮೀಟರಿಗೆ ಸುಮಾರು 120 ಕೆ.ಜಿ. ಹೆಚ್ಚುವರಿ ಭಾರ. ಆ ಸ್ಲ್ಯಾಬ್ ಅದನ್ನು ಹೊರುತ್ತದಾ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿ ಹೇಳಬೇಕು. ಎಷ್ಟೋ ಕಡೆ ತಗ್ಗಿನಲ್ಲಿ ಹೊಸದೊಂದು ಡ್ರೇನ್ ಕೊಡುವುದೇ ಸುಲಭದ ದಾರಿ.

ಇನ್ನೊಂದು ಕಾರಣ ಜಾಯಿಂಟ್, ಅಂದರೆ ಸ್ಲ್ಯಾಬಿನ ಎರಡು ಭಾಗಗಳ ನಡುವೆ ಬಿಟ್ಟ ಸಂದು. ಕಾಂಕ್ರೀಟ್ ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಒಂದು ಡಿಗ್ರಿಗೆ ಒಂದು ಮೀಟರ್‌ನಲ್ಲಿ ಅದು ಬದಲಾಗುವುದು ಸುಮಾರು 0.01 ಮಿ.ಮೀ. ಏನೂ ಅಲ್ಲ ಅನಿಸುತ್ತದೆ, ಅಲ್ವಾ? 30 ಮೀಟರ್ ಉದ್ದದ ಡೆಕ್, 30 ಡಿಗ್ರಿ ವ್ಯತ್ಯಾಸ ಇಟ್ಟುಕೊಂಡು ಗುಣಿಸಿ. 9 ಮಿ.ಮೀ. ಬರುತ್ತದೆ. ಎಕ್ಸ್‌ಪ್ಯಾನ್ಷನ್ ಜಾಯಿಂಟ್ ಅಷ್ಟು ತೆರೆದು ಮುಚ್ಚುತ್ತದೆ. ಅದರ ಮೇಲೆ ಎರಡು ಮಿಲಿಮೀಟರ್ ಕೋಟಿಂಗ್ ಎಳೆದುಬಿಟ್ಟರೆ ಎಷ್ಟು ರಬ್ಬರಿನಂಥದ್ದಾದರೂ ಹರಿಯುತ್ತದೆ. ಜಾಯಿಂಟ್‌ಗೆ ಅದರದ್ದೇ ಸೀಲ್ ಬೇಕು, ಕೋಟಿಂಗ್ ಅದರ ಎರಡೂ ಅಂಚಿಗೆ ಬಂದು ನಿಲ್ಲಬೇಕು. ನಾನು ನೋಡಿದ ಸೋರಿಕೆಗಳಲ್ಲಿ ಬಹಳಷ್ಟು ಕೋಟಿಂಗ್‌ನದ್ದು ಆಗಿರಲೇ ಇಲ್ಲ. ಜಾಯಿಂಟ್, ಡ್ರೇನ್‌ನ ಸುತ್ತ, ಗೋಡೆಯ ಬುಡ, ಪೈಪು ತೂರುವ ಜಾಗ, ಇಷ್ಟರಲ್ಲೇ ಮುಗಿಯುತ್ತಿತ್ತು.

ಹಳೆಯದನ್ನು ಪೂರ್ತಿ ತೆಗೆಯಬೇಕಾ, ಅದರ ಮೇಲೆಯೇ ಹಾಕಬಹುದಾ? ಎಲ್ಲರೂ ಕೇಳುವ ಪ್ರಶ್ನೆ ಇದು. ಚಾಕುವಿನಿಂದ ಅಡ್ಡ, ಉದ್ದ ಗೀರಿ ಮೂಲೆ ಹಿಡಿದು ಎಳೆದು ನೋಡಿ, ಹತ್ತಾರು ಕಡೆ. ಸಿಪ್ಪೆಯ ಹಾಗೆ ಬಂದರೆ ಯೋಚಿಸಬೇಡಿ, ಪೂರ್ತಿ ತೆಗೆಯಿರಿ. ಗಟ್ಟಿಯಾಗಿ ಹಿಡಿದಿದ್ದರೆ ಮೇಲ್ಮೈ ಉಜ್ಜಿ ಅದೇ ಜಾತಿಯ ಹೊಸ ಪದರ ಹಾಕಬಹುದು. ಆದರೆ ಮೊದಲು ಒಂದೆರಡು ಚದರ ಮೀಟರ್ ಹಾಕಿ, ಪೂರ್ತಿ ಗಟ್ಟಿಯಾಗಲು ಬಿಟ್ಟು, ಎಳೆದು ಪರೀಕ್ಷೆ ಮಾಡಿ. ಹೊಸದರಲ್ಲಿರುವ ಸಾಲ್ವೆಂಟ್ (ಮಾಲನ್ನು ತೆಳುವಾಗಿಸುವ ದ್ರಾವಕ) ಹಳೆಯದನ್ನು ಉಬ್ಬಿಸಿ ಸುಕ್ಕು ಮಾಡುವುದುಂಟು. ಹಳೆಯದು ಏನೆಂದೇ ಯಾರಿಗೂ ಗೊತ್ತಿಲ್ಲ, ಮೂರು ನಾಲ್ಕು ಸಲ ಒಂದರ ಮೇಲೊಂದು ಹಾಕಿದ್ದಾರೆ ಅಂದರೆ ನನ್ನ ಉತ್ತರ ಒಂದೇ, ಕಾಂಕ್ರೀಟ್ ಕಾಣುವ ತನಕ ತೆಗೆಯಿರಿ. ಎಲ್ಲಕ್ಕಿಂತ ಕೆಳಗಿನ ಪದರದ ಹಿಡಿತ ಎಷ್ಟೋ, ನಿಮ್ಮ ಹೊಸ ಕೋಟಿಂಗ್‌ನ ಹಿಡಿತವೂ ಅಷ್ಟೇ. ತುಂಬ ಹಳೆಯ ಡಾಂಬರು ಪದರಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇದೆ, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಅನುಮಾನ ಇದ್ದರೆ ಯಂತ್ರ ಹಚ್ಚುವ ಮುಂಚೆ ಲ್ಯಾಬ್‌ಗೆ ಕಳಿಸಿ.

ತೆಗೆಯುವ ವಿಧಾನ ಪದರದ ಸ್ವಭಾವ ನೋಡಿ ಆಗಬೇಕು. ಸಣ್ಣ ಉಕ್ಕಿನ ಗುಂಡುಗಳನ್ನು ಜೋರಾಗಿ ಎರಚುವ ಶಾಟ್ ಬ್ಲಾಸ್ಟಿಂಗ್ ಕಾಂಕ್ರೀಟಿಗೆ ಬಹಳ ಒಳ್ಳೆಯದು. ರಬ್ಬರಿನಂಥ ಕೋಟಿಂಗ್ ಮೇಲೆ ಅದು ನಡೆಯುವುದಿಲ್ಲ, ಗುಂಡು ಪುಟಿದು ಬರುತ್ತದೆ. ಅಂಥದ್ದನ್ನು ಮೊದಲು ಬ್ಲೇಡಿನ ಯಂತ್ರದಲ್ಲಿ ಹೆರೆದು ತೆಗೆಯಬೇಕು, ಉಳಿದದ್ದನ್ನು ವಜ್ರದ ಬಟ್ಟಲಿನ ಗ್ರೈಂಡರ್‌ನಲ್ಲಿ ಉಜ್ಜಿ, ಕೊನೆಗೆ ಶಾಟ್ ಬ್ಲಾಸ್ಟಿಂಗ್ ಮಾಡಬೇಕು. ಇಲ್ಲಿ ಕೆಲಸ ಮಾಡುವವರ ಬಗ್ಗೆ ಒಂದು ಮಾತು ಹೇಳಲೇಬೇಕು. ಕಾಂಕ್ರೀಟ್ ಉಜ್ಜಿದಾಗ ಏಳುವ ಧೂಳಿನಲ್ಲಿ ಸಿಲಿಕಾ ಇದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಶ್ವಾಸಕೋಶದ ತಳಕ್ಕೆ ಹೋಗಿ ಕೂರುತ್ತದೆ. ಅದರಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆ ಅಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ 2016ರಲ್ಲಿ ಇದರ ಮಿತಿಯನ್ನು ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂಗೆ ಇಳಿಸಿತು. ಬಾಯಿಗೆ ಕಟ್ಟಿದ ಕರ್ಚೀಫು ಇದನ್ನು ತಡೆಯುವುದಿಲ್ಲ. ಗ್ರೈಂಡರಿಗೆ ಮುಸುಕು, ಅದಕ್ಕೆ ವ್ಯಾಕ್ಯೂಮ್, ಮುಖಕ್ಕೆ ಸರಿಯಾದ ಮಾಸ್ಕ್ ಇಲ್ಲದೆ ಯಂತ್ರ ಶುರು ಮಾಡಲು ಬಿಡಬೇಡಿ. ಕೆಲಸ ಕೊಡುವವರು ನೀವು. ನೀವು ಕೇಳಿದರೆ ಅದು ಬರುತ್ತದೆ.

ಪದರ ಹೋದ ಮೇಲೆ ಕಾಂಕ್ರೀಟ್ ಬರಿಮೈಯಲ್ಲಿ ಕಾಣುತ್ತದೆ. ಈಗ ಕಿವಿಯ ಕೆಲಸ. ಒಂದು ದಪ್ಪ ಸರಪಳಿಯನ್ನು ನೆಲದ ಮೇಲೆ ಎಳೆಯುತ್ತಾ ಹೋಗಿ. ಗಟ್ಟಿ ಇರುವ ಕಡೆ ಸದ್ದು ಗಣಗಣ ಅನ್ನುತ್ತದೆ, ಒಳಗೆ ಬಿಟ್ಟುಕೊಂಡ ಕಡೆ ಟೊಳ್ಳಾಗಿ ಕೇಳುತ್ತದೆ. ನಾನು ಕೆಲಸ ಕಲಿಯುವಾಗ ಜೊತೆಗಿದ್ದ ಹಿರಿಯ ಮೇಸ್ತ್ರಿಯೊಬ್ಬರು ಸರಪಳಿ ಕೂಡ ತರುತ್ತಿರಲಿಲ್ಲ, ಕಂಬಿಯ ತುಂಡಿನಿಂದ ತಟ್ಟುತ್ತಾ ನಡೆಯುತ್ತಿದ್ದರು. ಅವರು ತಟ್ಟುವಾಗ ಮಾತಾಡಿದರೆ ಕೈ ಎತ್ತಿ ನಿಲ್ಲಿಸುತ್ತಿದ್ದರು. ಅವರು ಎಳೆದ ಗೆರೆಯ ಒಳಗೆ ಒಡೆದರೆ ಬಿಟ್ಟುಕೊಂಡ ಕಾಂಕ್ರೀಟ್, ಹೊರಗೆ ಒಡೆದರೆ ಗಟ್ಟಿ. ಇಂದಿಗೂ ಈ ಪರೀಕ್ಷೆಗೆ ಬದಲಿ ಬೇಕು ಅಂತ ನನಗೆ ಅನಿಸಿಲ್ಲ.

ಟೊಳ್ಳು ಇರುವ ಕಡೆ ಅಂಚನ್ನು ನೇರವಾಗಿ ಕತ್ತರಿಸಿ, ತುಕ್ಕು ಹಿಡಿದ ಕಂಬಿಯ ಹಿಂದಿನ ತನಕ, ಅಂದರೆ ಕಂಬಿಯ ಸುತ್ತ ಬೆರಳು ಹೋಗುವಷ್ಟು ಒಡೆದು, ತುಕ್ಕು ಪೂರ್ತಿ ತೆಗೆದು ರಿಪೇರಿ ಗಾರೆ ತುಂಬಬೇಕು. ಕಂಬಿಯ ಮೇಲ್ಭಾಗ ಮಾತ್ರ ಕೆರೆದು ಮುಚ್ಚಿದರೆ ತಳದ ತುಕ್ಕು ಅದನ್ನು ಮತ್ತೆ ಎಬ್ಬಿಸುತ್ತದೆ. ಉಪ್ಪು ಇಳಿದ ಸ್ಲ್ಯಾಬಿನಲ್ಲಿ ಇನ್ನೊಂದು ತೊಂದರೆ ಇದೆ. ತೇಪೆ ಹಾಕಿದ ಜಾಗ ಚೆನ್ನಾಗಿ ಉಳಿದು, ಅದರ ಸುತ್ತ ಉಂಗುರದ ಹಾಗೆ ಹೊಸ ತುಕ್ಕು ಶುರುವಾಗುತ್ತದೆ. ಹೊಸ ಗಾರೆಯೊಳಗಿನ ಕಂಬಿಗೂ ಪಕ್ಕದ ಉಪ್ಪು ಕಾಂಕ್ರೀಟಿನೊಳಗಿನ ಕಂಬಿಗೂ ನಡುವೆ ಬ್ಯಾಟರಿಯಂತೆ ವಿದ್ಯುತ್ ಹರಿಯುವುದರಿಂದ ಹೀಗಾಗುತ್ತದೆ. ಅದಕ್ಕಾಗಿ ತೇಪೆಯ ಅಂಚಿನಲ್ಲಿ ಕಂಬಿಗೆ ಸತುವಿನ ತುಂಡು ಕಟ್ಟುತ್ತಾರೆ. ಕಂಬಿಯ ಬದಲು ತುಕ್ಕು ಸತುವನ್ನು ತಿನ್ನುತ್ತದೆ. ನಿಮ್ಮ ಸ್ಲ್ಯಾಬು ಒಳಗೆ ಬಿಗಿದ ಕೇಬಲ್‌ಗಳಿರುವ ಪೋಸ್ಟ್ ಟೆನ್ಷನ್ ಜಾತಿಯದ್ದಾದರೆ, ಕೇಬಲ್ ಎಲ್ಲಿದೆ ಎಂದು ಸ್ಕ್ಯಾನ್ ಮಾಡದೆ ಒಂದು ತೂತೂ ಕೊರೆಯಬೇಡಿ. ಆ ಕೇಬಲ್ ತುಂಡಾದರೆ ಜೀವಕ್ಕೆ ಅಪಾಯ.

ಮೇಲ್ಮೈ ಒರಟಾಗಿರಬೇಕು. ಸ್ಯಾಂಡ್ ಪೇಪರ್ ಮುಟ್ಟಿದ ಹಾಗೆ ಅನಿಸಿದರೆ ಸರಿ. ಅದರ ಮೇಲೆ ನೀರು ಚಿಮುಕಿಸಿ ನೋಡಿ, ಮುತ್ತಿನಂತೆ ಉರುಳಿದರೆ ಇನ್ನೂ ಎಣ್ಣೆ ಇದೆ, ಹೀರಿಕೊಂಡರೆ ಪ್ರೈಮರ್, ಅಂದರೆ ಕೋಟಿಂಗ್ ಹಿಡಿಯಲೆಂದು ಮೊದಲು ಹಾಕುವ ಪದರ, ಅದನ್ನು ಕೂಡ ಹೀರಿಕೊಳ್ಳುತ್ತದೆ. ನಂತರ ಎಳೆದು ನೋಡುವ ಪರೀಕ್ಷೆ. 50 ಮಿ.ಮೀ. ಅಗಲದ ಲೋಹದ ಬಿಲ್ಲೆ ಅಂಟಿಸಿ ಯಂತ್ರದಲ್ಲಿ ಎಳೆಯುತ್ತಾರೆ. ಗಾಡಿ ಓಡುವ ಡೆಕ್‌ಗೆ ಸಾಮಾನ್ಯವಾಗಿ 1.5 ಮೆಗಾಪ್ಯಾಸ್ಕಲ್ ಕೇಳುತ್ತೇವೆ. ಆ ಬಿಲ್ಲೆಯ ಮೇಲೆ ಅದು ಸುಮಾರು 300 ಕೆ.ಜಿ. ಎಳೆತ.

ಇನ್ನು ತೇವ ಮತ್ತು ಹೊತ್ತು. ಎಷ್ಟೋ ಒಳ್ಳೆಯ ಕೆಲಸಗಳು ಕೆಡುವುದು ಇಲ್ಲೇ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ನೆಲಕ್ಕೆ ಟೇಪ್ ಹಾಕಿ 16 ಗಂಟೆ ಬಿಡಿ. ತೆಗೆದಾಗ ಅಡಿಯಲ್ಲಿ ಹನಿ ಕಂಡರೆ, ನೆಲ ಕಪ್ಪಾಗಿದ್ದರೆ ಕಾಯಿರಿ. ಮೇಲೆ ಒಣಗಿದ ಕಾಂಕ್ರೀಟ್ ಒಳಗೆ ಒಣಗಿರುವುದಿಲ್ಲ. ಈ ಹಾಳೆ ತೋರಿಸುವುದು ಮೇಲ್ಭಾಗದ ತೇವ ಮಾತ್ರ, ಆಳದ ತೇವಕ್ಕೆ ಮೀಟರ್ ಬೇಕು. ನೆಲದ ತಾಪಮಾನ ಇಬ್ಬನಿ ಕಟ್ಟುವ ತಾಪಮಾನಕ್ಕಿಂತ ಕನಿಷ್ಠ 3 ಡಿಗ್ರಿ ಜಾಸ್ತಿ ಇರಬೇಕು. ಇದಕ್ಕೆ ಸಣ್ಣ ಉಪಕರಣ ಸಿಗುತ್ತದೆ, ದಿನಕ್ಕೆ ಮೂರು ನಾಲ್ಕು ಸಲ ಅಳೆದು ಬರೆದಿಡಿ. ಬೆಳಿಗ್ಗೆ ಬಿಸಿಲೇರುವಾಗ ಕಾಂಕ್ರೀಟಿನ ರಂಧ್ರಗಳಲ್ಲಿರುವ ಗಾಳಿ ಹಿಗ್ಗಿ ಹೊರಗೆ ಬರುತ್ತದೆ. ಆ ಹೊತ್ತಿನಲ್ಲಿ ಪ್ರೈಮರ್ ಹಾಕಿದರೆ ಗಾಳಿ ಅದನ್ನು ತೂತು ಮಾಡಿಕೊಂಡು ಬರುತ್ತದೆ. ಮಧ್ಯಾಹ್ನ ಕಳೆದು ತಾಪ ಇಳಿಯುವಾಗ ಹಾಕಿದರೆ ಅದೇ ರಂಧ್ರ ಪ್ರೈಮರನ್ನು ಒಳಗೆ ಎಳೆದುಕೊಳ್ಳುತ್ತದೆ. ಸೂಜಿತೂತಿನ ಗುಳ್ಳೆಗಳ ಬಗ್ಗೆ ಆಗಲೇ ಹೇಳಿದ್ದೆನಲ್ಲ, ಅದರ ಕಥೆ ಇಷ್ಟೇ. ಕೆಲಸದವರು ಬೆಳಿಗ್ಗೆಯೇ ಶುರು ಮಾಡಲು ಇಷ್ಟಪಡುತ್ತಾರೆ, ಅದು ಸಹಜ. ಬೆಳಿಗ್ಗೆ ಅವರಿಗೆ ಬಿರುಕು, ಮೂಲೆಗಳ ಕೆಲಸ ಕೊಡಿ.

ಮಾಲು ಯಾವುದು ಎನ್ನುವುದಕ್ಕೆ ಇಷ್ಟು ಹೊತ್ತಾದ ಮೇಲೆ ಬರುತ್ತಿದ್ದೇನೆ, ಯಾಕೆಂದರೆ ಅದರ ಸ್ಥಾನ ಅಷ್ಟೇ. ಪಾಲಿಯುರೇಥೇನ್ ಹೆಚ್ಚು ಬಳಕೆಯಲ್ಲಿದೆ. ರಬ್ಬರಿನ ಗುಣ ಇದೆ, ಸಣ್ಣ ಬಿರುಕಿನ ಮೇಲೆ ಹಿಗ್ಗಿ ನಿಲ್ಲುತ್ತದೆ. ಹಾಕುವಾಗ ತೇವ ಸಿಕ್ಕಿದರೆ ಒಳಗೆ ಅನಿಲ ಹುಟ್ಟಿ ನೊರೆಯಾಗುತ್ತದೆ. ಪಿಎಂಎಂಎ ಎಂಬ ಅಕ್ರಿಲಿಕ್ ಜಾತಿಯ ಮಾಲು ಒಂದು ಗಂಟೆಯ ಹೊತ್ತಿಗೆ ಗಟ್ಟಿಯಾಗುತ್ತದೆ, ಕೊರೆಯುವ ಚಳಿಯಲ್ಲೂ ಕೆಲಸ ಮಾಡುತ್ತದೆ. ಡೆಕ್ ಮುಚ್ಚಲು ಆಗುವುದೇ ಇಲ್ಲ ಎನ್ನುವ ಕಡೆ ಅದು ಒಳ್ಳೆಯದು, ವಾಸನೆ ಮಾತ್ರ ಬಹಳ. ಪಾಲಿಯೂರಿಯಾ ಸಿಂಪಡಿಸಿದ ಕೆಲವೇ ಸೆಕೆಂಡಿನಲ್ಲಿ ಕಟ್ಟಿಕೊಳ್ಳುತ್ತದೆ, ಅದಕ್ಕೇ ಮೇಲ್ಮೈಯೊಳಗೆ ಇಳಿಯಲು ಸಮಯ ಇರುವುದಿಲ್ಲ, ಅಡಿಯ ಪ್ರೈಮರ್ ಪಕ್ಕಾ ಇರಬೇಕು. ಬರೀ ಎಪಾಕ್ಸಿ ಗಟ್ಟಿ, ಆದರೆ ಬಗ್ಗುವುದಿಲ್ಲ. ಸ್ಲ್ಯಾಬ್ ಬಿರುಕು ಬಿಟ್ಟರೆ ಅದೂ ಬಿಡುತ್ತದೆ, ಬಿಸಿಲಿಗೆ ಪುಡಿ ಏಳುತ್ತದೆ.

ಹಾಕುವ ಕ್ರಮ ಗೊತ್ತಿರಲಿ. ಮೊದಲು ಬಿರುಕುಗಳನ್ನು ಅಗಲ ಮಾಡಿ ಸೀಲೆಂಟ್ ತುಂಬಿ, ಅದರ ಮೇಲೆ ಒಂದು ಪಟ್ಟಿ. ಗೋಡೆಯ ಬುಡದ ಮೂಲೆಯನ್ನು ದುಂಡಗೆ ಮಾಡಿ ಕೋಟಿಂಗನ್ನು ಗೋಡೆಯ ಮೇಲೆ 10ರಿಂದ 15 ಸೆಂ.ಮೀ. ಹತ್ತಿಸಬೇಕು. ಆಮೇಲೆ ಪ್ರೈಮರ್, ನೀರು ತಡೆಯುವ ರಬ್ಬರಿನ ಪದರ, ಸವೆತ ತಡೆಯುವ ಪದರ, ಅದು ಹಸಿ ಇರುವಾಗಲೇ ಅದರ ಮೇಲೆ ಇನ್ನು ಅಂಟದು ಅನ್ನುವಷ್ಟು ಎರಚಿದ ಒಣ ಕ್ವಾರ್ಟ್ಜ್ ಮರಳು, ಕೊನೆಗೆ ಬಿಸಿಲು ತಡೆಯುವ ಮೇಲ್ಪದರ. ರ‍್ಯಾಂಪ್, ತಿರುವುಗಳಿಗೆ ಮರಳಿನ ಪದರ ಇನ್ನೊಂದು ಸಲ. ಪ್ರತಿ ಪದರಕ್ಕೂ ಬೇರೆ ಬಣ್ಣ ಕೇಳಿ. ಹಾಕುವಾಗ ಬಿಟ್ಟುಹೋದ ಜಾಗ ತಕ್ಷಣ ಕಾಣುತ್ತದೆ, ವರ್ಷಗಳ ನಂತರ ಎಷ್ಟು ಸವೆದಿದೆ ಎಂದೂ ಕಾಣುತ್ತದೆ.

ದಪ್ಪದ ಲೆಕ್ಕ ನೀವೇ ಮಾಡಬಹುದು. ಒಂದು ಲೀಟರ್ ಮಾಲು ಒಂದು ಚದರ ಮೀಟರ್ ಮೇಲೆ ಹರಡಿದರೆ ಹಸಿ ದಪ್ಪ ಸರಿಯಾಗಿ 1 ಮಿ.ಮೀ. ಅದರಲ್ಲಿ ನೂರಕ್ಕೆ 80 ಭಾಗ ಗಟ್ಟಿ ಪದಾರ್ಥ ಇದ್ದರೆ ಒಣಗಿದ ಮೇಲೆ 0.8 ಮಿ.ಮೀ. ಉಳಿಯುತ್ತದೆ. ಸಾವಿರ ಚದರ ಮೀಟರ್ ಡೆಕ್‌ಗೆ 0.8 ಮಿ.ಮೀ. ಒಣ ದಪ್ಪ ಬೇಕಾದರೆ ಕಡಿಮೆ ಅಂದರೂ ಸಾವಿರ ಲೀಟರ್, ಒರಟು ನೆಲಕ್ಕೆ ಇನ್ನೂ ಜಾಸ್ತಿ. ಸಂಜೆ ಖಾಲಿ ಡಬ್ಬಿ ಎಣಿಸಿ. ಏಳುನೂರು ಲೀಟರಿನ ಡಬ್ಬಿ ಮಾತ್ರ ಇದ್ದರೆ ಯಾರೂ ಏನೂ ಹೇಳಬೇಕಾಗಿಲ್ಲ. ಹಸಿ ಪದರಕ್ಕೆ ಚುಚ್ಚಿ ನೋಡುವ ಹಲ್ಲಿನ ಗೇಜ್ ಬೆರಳಷ್ಟು ಉದ್ದ ಇರುತ್ತದೆ, ಅದನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿ. ಒಂದು ಕೋಟಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಗಂಟೆ ಬಿಡಬಹುದು ಎಂದು ಡಬ್ಬಿಯ ಜೊತೆ ಬರುವ ಹಾಳೆಯಲ್ಲಿದೆ. ಆ ಸಮಯ ಮೀರಿತೋ, ಮತ್ತೆ ಉಜ್ಜಬೇಕು. ಮಳೆ ಬಂತು, ರಜೆ ಬಂತು, ಆದರೂ ಮಾಲಿಗೆ ಅದು ಗೊತ್ತಾಗುವುದಿಲ್ಲ.

ಡೆಕ್ ಅನ್ನು ಭಾಗ ಮಾಡಿ ಕೆಲಸ ಮಾಡುವಾಗ ವಾಹನ ಬಿಡುವ ಒತ್ತಡ ಬಹಳ ಇರುತ್ತದೆ. ನಡೆಯಲು ಗಟ್ಟಿ ಅನಿಸಿದ್ದು ಟೈರಿಗೆ ಗಟ್ಟಿಯಲ್ಲ. ಬಿಸಿ ಟೈರು ಒಂದೇ ಕಡೆ ನಿಂತು ತಣ್ಣಗಾಗುವಾಗ ಎಳಸು ಕೋಟಿಂಗನ್ನು ಹಿಡಿದು ಎತ್ತುತ್ತದೆ. ಹಾಳೆಯಲ್ಲಿ ಮೂರು ದಿನ ಎಂದಿದ್ದರೆ ಮೂರು ದಿನ, ಚಳಿ ಇದ್ದರೆ ಇನ್ನೂ ಹೆಚ್ಚು. ಜೊತೆಗೆ ಕಟ್ಟಡದಲ್ಲಿರುವವರಿಗೆ ಮುಂಚೆಯೇ ತಿಳಿಸಿ. ಸಾಲ್ವೆಂಟ್ ವಾಸನೆ ಲಿಫ್ಟಿನ ಕೊಳವೆಯಲ್ಲಿ ಮೇಲಿನ ಮಹಡಿಗಳಿಗೆ ಏರುತ್ತದೆ, ಗಾಳಿ ಆಡದ ಕಡೆ ಬೆಂಕಿಯ ಅಪಾಯವೂ ಇದೆ. ಪಾಲಿಯುರೇಥೇನ್‌ನಲ್ಲಿರುವ ಐಸೋಸಯನೇಟ್ ಎಂಬ ರಾಸಾಯನಿಕವನ್ನು ಉಸಿರಾಡಿದವರಿಗೆ ಆಸ್ತಮಾ ಬರಬಹುದು. ಹಾಕುವವರಿಗೆ ಅದಕ್ಕೆ ತಕ್ಕ ಮಾಸ್ಕ್ ಬೇಕು.

ಮುಗಿದ ಮೇಲೆ ಡ್ರೇನ್ ಮುಚ್ಚಿ ನೀರು ಕಟ್ಟಿ ನೋಡುವ ಪರೀಕ್ಷೆ ಮಾಡುತ್ತಾರೆ. 50 ಮಿ.ಮೀ. ನೀರು ನೂರು ಚದರ ಮೀಟರ್‌ಗೆ 5 ಟನ್. ಇದಕ್ಕೂ ಎಂಜಿನಿಯರ್ ಒಪ್ಪಿಗೆ ಬೇಕು, ಒಂದೊಂದೇ ಭಾಗ ಕಟ್ಟಿ 24ರಿಂದ 48 ಗಂಟೆ ಬಿಡಿ. ಮಳೆಯ ಮುನ್ಸೂಚನೆ ಇದ್ದ ದಿನ ಇದನ್ನು ಇಟ್ಟುಕೊಳ್ಳಬೇಡಿ.

ಆ 48 ಗಂಟೆ ನೀವು ಇರಬೇಕಾದದ್ದು ಕೆಳಗೆ, ಅದೇ ಟಾರ್ಚ್ ಹಿಡಿದು. ನಕ್ಷೆ ತೆಗೆದು ಒಂದೊಂದು ವೃತ್ತದ ಕೆಳಗೂ ನಿಂತು ನೋಡಿ, ಒಣಗಿದ್ದರೆ ಪಕ್ಕದಲ್ಲಿ ಹೊಸ ದಿನಾಂಕ ಬರೆಯಿರಿ. ಮೊದಲ ಕೆಲವು ವಾರ ಒಂದೆರಡು ಹನಿ ಕಂಡರೆ ಗಾಬರಿ ಬೇಡ, ಸ್ಲ್ಯಾಬಿನೊಳಗೆ ಉಳಿದ ಹಳೆಯ ನೀರು ಇಳಿಯುತ್ತಿರುತ್ತದೆ. ಅದು ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಇಷ್ಟೆಲ್ಲ ಖರ್ಚು ಮಾಡಿದ ಮೇಲೆ ಕೆಳಗಿನಿಂದ ಕಾಣುವ ಸ್ಲ್ಯಾಬಿನ ತಳಕ್ಕೂ ಚೆಂದವಾಗಿ ಬಣ್ಣ ಹೊಡೆಸಿಬಿಡೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಒಂದು ವರ್ಷ ತಡೆಯಲು ಹೇಳಿ. ತಳದಲ್ಲಿ ಬಣ್ಣ ಮುಚ್ಚಿದರೆ ಒಳಗಿನ ತೇವಕ್ಕೆ ಹೊರಹೋಗುವ ದಾರಿ ಇರುವುದಿಲ್ಲ, ನಿಮ್ಮ ಸೀಮೆಸುಣ್ಣದ ವೃತ್ತಗಳೂ ಅಳಿಸಿಹೋಗುತ್ತವೆ.